ಅವರು ನಮ್ಮವರೇ ಅಲ್ವಾ?

ಫ್ರೆನೆ ಗಿನ್ವಾಲಾ ಅವರ ಫೋಟೊ ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸೀರೆ ಉಟ್ಟಿದ್ದಾರೆ. ದಕ್ಷಿಣ ಆಫ್ರಿಕಾ ಸಂಸತ್ತಿಗೆ ಸ್ಪೀಕರ್ ಬೇರೆ ಆಗಿದ್ದರಂತೆ. ನಮ್ಮವರೇ ಅಲ್ವಾ?"

ಅಲ್ಲ ಅಂತಲೇ ಹೇಳುತ್ತೇನೆ. ಕೇಳಿದವರಿಗೆ ಸ್ವಲ್ಪ ಬೇಜಾರಾಗುತ್ತದೆ.

ಮನೆತನ ಪಾರ್ಸಿ, ಹಿರಿಯರು ಭಾರತದಿಂದ ವಲಸೆ ಹೋದವರು, ನಿಜ. ಆದರೆ ಆಕೆ ಹುಟ್ಟಿದ್ದು ಜೋಹಾನ್ಸ್‌ಬರ್ಗ್‌ನಲ್ಲಿ, 1932ರಲ್ಲಿ. ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆದರು. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಕರಿಯ ಪ್ರತಿಭಟನಕಾರರ ಮೇಲೆ ಗೋಲಿಬಾರ್ ನಡೆದು, ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಈಕೆಯ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮೇಲೆ ನಿಷೇಧ ಬಿತ್ತು. ಆಗ ಪಕ್ಷದ ನಾಯಕ ಆಲಿವರ್ ಟಾಂಬೊ ದೇಶದಿಂದ ಪಾರಾಗಲು ನೆರವಾದವರಲ್ಲಿ ಈಕೆಯೂ ಒಬ್ಬರು. ಆಮೇಲೆ ತಾವೂ ಸುಮಾರು 30 ವರ್ಷ ಹೊರದೇಶಗಳಲ್ಲೇ ಇರಬೇಕಾಯಿತು. ಟಾಂಜಾನಿಯಾದಲ್ಲಿ ಪತ್ರಿಕೆ ನಡೆಸಿದರು, ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು.

ಇನ್ನು ಈ 'ನಮ್ಮವರು' ಲೆಕ್ಕ. 1984ರಿಂದ ಅಲ್ಲಿನ ಸಂಸತ್ತಿನಲ್ಲಿ ಮೂರು ಸದನ ಇದ್ದವು: ಬಿಳಿಯರಿಗೆ ಒಂದು, ಮಿಶ್ರ ವರ್ಣದವರಿಗೆ ಒಂದು, ಭಾರತೀಯ ಮೂಲದವರಿಗೆ ಒಂದು. ಬಹುಸಂಖ್ಯಾತ ಕರಿಯರಿಗೆ ಒಂದೂ ಇಲ್ಲ. ಭಾರತೀಯರಿಗೆ ಅಂತ ಹಾಕಿದ್ದ ಆ ಕುರ್ಚಿಗಳನ್ನು ಗಿನ್ವಾಲಾ ಅವರ ಪಕ್ಷ ಬೇಡವೆಂದಿತ್ತು. 1994ರಲ್ಲಿ ಎಲ್ಲರೂ ಸೇರಿ ಆರಿಸಿದ 400 ಜನರ ನ್ಯಾಷನಲ್ ಅಸೆಂಬ್ಲಿ ಬಂತು. ಅದರ ಮೊದಲ ಸ್ಪೀಕರ್ ಈಕೆ. ಸದಸ್ಯರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೆಂಗಸರು. ಅವರ ಪಕ್ಷವನ್ನು ಬಿಟ್ಟು ಸೀರೆಯನ್ನಷ್ಟೇ ನೋಡಿದರೆ ಹೇಗೆ?

ಹಾಗಂತ ಹೊಗಳಿಕೆಯನ್ನೇ ಸುರಿಯುವುದಿಲ್ಲ. 2004ರವರೆಗೆ, ಹತ್ತು ವರ್ಷ ಆ ಪೀಠದಲ್ಲಿದ್ದರು. ಶಸ್ತ್ರಾಸ್ತ್ರ ಖರೀದಿ ಹಗರಣದ ತನಿಖೆ ಬಂದಾಗ ಸ್ವಂತ ಪಕ್ಷದ ಸರ್ಕಾರದ ಕಡೆ ವಾಲಿದರು ಎಂಬ ಟೀಕೆ ಕೇಳಿಬಂತು. ಅದರಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ.

ಆದರೆ ಪೀಠ ಬಿಟ್ಟ ಮೇಲೆ ಇನ್ನೊಂದು ಕೆಲಸ ಬಂತು. ದೇಶದ ಮುಖ್ಯ ಪ್ರಾಸಿಕ್ಯೂಟರ್ ವುಸಿ ಪಿಕೋಲಿ ಅವರನ್ನು ಸರ್ಕಾರ ಅಮಾನತು ಮಾಡಿ, ವಿಚಾರಣೆಯನ್ನು ಇವರಿಗೆ ಒಪ್ಪಿಸಿತು. ಅವರನ್ನು ತೆಗೆಯಲು ಕಾರಣ ಸಾಲದು, ಹುದ್ದೆ ವಾಪಸ್ ಕೊಡಿ ಎಂದು 2008ರಲ್ಲಿ ವರದಿ ಕೊಟ್ಟರು. ಸರ್ಕಾರ ಆತನನ್ನು ತೆಗೆದೇ ಹಾಕಿತು.