ನನ್ನ ಆ್ಯಪ್ ಯಾವ ಪೋರ್ಟ್‌ನಲ್ಲಿ ಓಡ್ತಾ ಇದೆ?

"ಸರ್ವರ್ ಶುರುವಾಗಿದೆ, ಆದ್ರೆ ಯಾವ ಪೋರ್ಟ್ ಅಂತ ಗೊತ್ತಾಗ್ತಿಲ್ಲ. ಎಲ್ಲಿ ನೋಡಲಿ?" ಹೊಸದಾಗಿ ಕೋಡ್ ಬರೆಯುವವರೂ ಕೇಳುತ್ತಾರೆ, ವರ್ಷಗಟ್ಟಲೆ ಬರೆದವರೂ ಕೇಳುತ್ತಾರೆ. ಪೋರ್ಟ್ ಅಂದರೆ ಮೆಷಿನ್ನಿಗೆ ಬಂದದ್ದು ಒಳಗಿನ ಯಾವ ಪ್ರೋಗ್ರಾಂಗೆ ಹೋಗಬೇಕು ಅಂತ ಗುರುತಿಸುವ ನಂಬರ್. ನಾನು ಎಲ್ಲರಿಗೂ ಹೇಳುವುದು ಒಂದೇ. ಕಾನ್ಫಿಗ್ ಫೈಲ್ (ಆ್ಯಪ್‌ನ ಸೆಟ್ಟಿಂಗ್ ಬರೆದಿಡುವ ಫೈಲ್) ತೆರೆಯುವ ಮೊದಲು ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಿ. ಪೋರ್ಟ್ ಕೊಟ್ಟಿದ್ದು ಅದು. ಯಾರಿಗೆ ಕೊಟ್ಟೆ ಅನ್ನೋದು ಅದಕ್ಕೆ ಗೊತ್ತಿರುತ್ತದೆ.

ಫೈಲಿನಲ್ಲಿ ಇರುವುದು ನಮಗೆ ಯಾವ ಪೋರ್ಟ್ ಬೇಕು ಅನ್ನೋದು ಮಾತ್ರ. ಸಿಕ್ಕಿದ್ದು ಬೇರೆಯೇ ಇರಬಹುದು, ಅಲ್ವಾ? ಫೈಲಿನಲ್ಲಿ 3000 ಅಂತ ಬರೆದಿದ್ದರೂ ಎನ್ವಿರಾನ್‌ಮೆಂಟ್ ವೇರಿಯಬಲ್ (ಫೈಲಿನ ಹೊರಗಿಂದ ಕೊಡುವ ಸೆಟ್ಟಿಂಗ್) ಅದನ್ನು ಬದಲಿಸಿರಬಹುದು. ಜಾವಾ ಆ್ಯಪ್ ಬರೆಯಲು ಬಳಸುವ ಸ್ಪ್ರಿಂಗ್ ಬೂಟ್‌ನಲ್ಲಿ ಪೋರ್ಟ್ 0 ಅಂತ ಕೊಟ್ಟರೆ ಖಾಲಿ ಇರುವ ಯಾವುದೋ ಒಂದು ಸಿಗುತ್ತದೆ, ಪ್ರತಿ ಸಲವೂ ಬೇರೆ.

ವೆಬ್ ಪುಟ ಬರೆಯುವಾಗ ಓಡಿಸಿ ನೋಡಲು ಬಳಸುವ ವೀಟ್ (Vite) ಇನ್ನೊಂದು ಥರ. ಅದರ ಮಾಮೂಲಿ ಪೋರ್ಟ್ 5173. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಸುಮ್ನೆ 5174ಕ್ಕೆ ಹೋಗುತ್ತದೆ. ಒಮ್ಮೆ ನಾನೂ ಗೆಳೆಯನೂ ಒಂದು ಸಂಜೆಯೆಲ್ಲ ಬಟನ್ನಿನ ಬಣ್ಣ ಬದಲಿಸುತ್ತಾ ಕೂತಿದ್ದೆವು. ಬ್ರೌಸರ್‌ನಲ್ಲಿ ಏನೂ ಬದಲಾಗುತ್ತಿರಲಿಲ್ಲ. ಪ್ರಾಜೆಕ್ಟಿನ ಹಳೆಯ ಕಾಪಿಯೊಂದು ಬೇರೆ ಟರ್ಮಿನಲ್‌ನಲ್ಲಿ ಇನ್ನೂ ಓಡ್ತಾ 5173ನ್ನು ಹಿಡಿದುಕೊಂಡಿತ್ತು. ನಾವು ತಿದ್ದುತ್ತಿದ್ದದ್ದು 5174ರಲ್ಲಿತ್ತು. ಶುರುವಾದಾಗ ಟರ್ಮಿನಲ್‌ನಲ್ಲಿ ಆ ನಂಬರ್ ಬಂದಿತ್ತು, ನಾವು ಓದಿರಲಿಲ್ಲ. ಅದಕ್ಕೇ ಆ ಮೊದಲ ನಾಲ್ಕು ಸಾಲು ಓದಿ ಅಂತ ಎಲ್ಲರಿಗೂ ಹೇಳುತ್ತೇನೆ.

ಟರ್ಮಿನಲ್ ಕಣ್ಣಿಗೆ ಸಿಗದಿದ್ದರೆ? ಲಿನಕ್ಸ್‌ನಲ್ಲಿ ಎಸ್‌ಎಸ್ ಅನ್ನುವ ಕಮಾಂಡ್ ಇದೆ. ಅದರ ಜೊತೆ ಎಲ್, ಟಿ, ಎನ್, ಪಿ ಅನ್ನುವ ನಾಲ್ಕು ಅಕ್ಷರ ಕೊಡಿ. ಎಲ್ ಅಂದರೆ ಯಾರಾದರೂ ಬರಲಿ ಅಂತ ಕಾದು ಕೂತಿರುವ ಸಾಕೆಟ್ (ಪ್ರೋಗ್ರಾಂ ನೆಟ್‌ವರ್ಕಿಗೆ ತೆರೆದಿಟ್ಟ ಬಾಗಿಲು) ಮಾತ್ರ. ಟಿ ಅಂದರೆ ಟಿಸಿಪಿ, ವೆಬ್ ಆ್ಯಪ್‌ಗಳು ಸಾಮಾನ್ಯವಾಗಿ ಬಳಸುವ ಸಂಪರ್ಕದ ವಿಧಾನ. ಎನ್ ಕೊಟ್ಟರೆ ಹೆಸರಿನ ಬದಲು ನಂಬರ್ ಬರುತ್ತದೆ. ಪಿ ಕೊಟ್ಟರೆ ಯಾವ ಪ್ರೋಗ್ರಾಂ ಅಂತ ಗೊತ್ತಾಗುತ್ತದೆ. ಕಮಾಂಡಿಗೆ ಮೊದಲು ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅನ್ನುವ ಪದ) ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಬೇರೆ ಯೂಸರ್ ಶುರು ಮಾಡಿದ ಪ್ರೋಗ್ರಾಂ ಹೆಸರಿನ ಜಾಗ ಖಾಲಿ ಇರುತ್ತದೆ. ಮ್ಯಾಕ್‌ನಲ್ಲಿ ಇದೇ ಕೆಲಸವನ್ನು ಎಲ್‌ಎಸ್‌ಒಎಫ್ ಮಾಡುತ್ತದೆ.

ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್, ಜೊತೆಗೆ ಎ, ಎನ್, ಒ. ಕೊನೆಯ ಕಾಲಮ್ಮಿನಲ್ಲಿ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಗುರುತಿನ ನಂಬರ್, ಬರುತ್ತದೆ. ಅದನ್ನು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬಿನಲ್ಲಿ ಹುಡುಕಿ. ಪಿಐಡಿ 4 ಅಂತ ಬಂದರೆ ಗಾಬರಿ ಬೇಡ. ಐಐಎಸ್‌ನ (ವಿಂಡೋಸ್‌ನ ವೆಬ್ ಸರ್ವರ್) ಸೈಟುಗಳಿಗಾಗಿ ಕಾದು ಕೂರುವುದು ವಿಂಡೋಸ್ ಒಳಗಿನ ಡ್ರೈವರ್, ಹಾಗಾಗಿ ಅಲ್ಲಿ ಸಿಸ್ಟಮ್ ಅನ್ನುವ ಹೆಸರೇ ಕಾಣುತ್ತದೆ.

ಸಿಕ್ಕ ಸಾಲನ್ನು ಸ್ವಲ್ಪ ನಿಧಾನವಾಗಿ ಓದಿ. 127.0.0.1:3000 ಅಂತ ಇದ್ದರೆ ಆ ಆ್ಯಪ್ ಅದೇ ಮೆಷಿನ್ನಿನ ಒಳಗಿಂದ ಬಂದವರಿಗೆ ಮಾತ್ರ ಉತ್ತರ ಕೊಡುತ್ತದೆ. 0.0.0.0:3000 ಅಂತ ಇದ್ದರೆ, ಫೈರ್‌ವಾಲ್ ತಡೆಯದಿದ್ದರೆ, ಹೊರಗಿನವರಿಗೂ ಕೊಡುತ್ತದೆ. "ನನ್ನ ಲ್ಯಾಪ್‌ಟಾಪಿನಲ್ಲಿ ಬರುತ್ತೆ, ಮೊಬೈಲಿನಲ್ಲಿ ಬರಲ್ಲ" ಅನ್ನುವವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಪೋರ್ಟ್ ಸರಿ ಇರುತ್ತದೆ, ಅದರ ಹಿಂದಿನ ಅಡ್ರೆಸ್ ನೋಡಿರುವುದಿಲ್ಲ.

ಸರ್ವರ್‌ನಲ್ಲಿ ಹಾಕಿರುವ ಆ್ಯಪ್ ಆದರೆ ಇನ್ನೊಂದು ಗೋಜಲು ಇದೆ. ಬ್ರೌಸರ್‌ನ ಅಡ್ರೆಸ್ಸಿನಲ್ಲಿ ಪೋರ್ಟೇ ಕಾಣುವುದಿಲ್ಲ, ಯಾಕೆಂದರೆ ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443 ಅಂತ ಬ್ರೌಸರ್ ತಾನೇ ಅಂದುಕೊಳ್ಳುತ್ತದೆ. ಆ 443ರಲ್ಲಿ ಎಷ್ಟೋ ಸಲ ಕೂತಿರುವುದು ಎಂಜಿನ್‌ಎಕ್ಸ್ (nginx), ಬಂದ ಕೋರಿಕೆಯನ್ನು ಹಿಂದಿನ ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್. ನಿಮ್ಮ ಆ್ಯಪ್ ಅದರ ಹಿಂದೆ 3000ದಲ್ಲೋ 8080ಯಲ್ಲೋ ಇರುತ್ತದೆ. ಎಂಜಿನ್‌ಎಕ್ಸ್ ಕಾನ್ಫಿಗ್‌ನ ಪ್ರಾಕ್ಸಿ ಪಾಸ್ (proxy_pass) ಸಾಲು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಮಾತ್ರ ಫೈಲ್ ನೋಡಲೇಬೇಕು.

ಆ್ಯಪನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಡಾಕರ್ ಬಂದರೆ ನಂಬರ್ ಎರಡಾಗುತ್ತವೆ. ಕಂಟೇನರ್ ಒಳಗೆ 3000, ಹೊರಗೆ 8080, ಹೀಗೆ. ಎಸ್‌ಎಸ್ ಕಮಾಂಡಿನಲ್ಲಿ ಸಾಮಾನ್ಯವಾಗಿ ಡಾಕರ್ ಪ್ರಾಕ್ಸಿ ಅಂತ ಕಾಣುತ್ತದೆಯೇ ಹೊರತು ನಿಮ್ಮ ಆ್ಯಪ್‌ನ ಹೆಸರು ಬರುವುದಿಲ್ಲ. ಆಗ ಡಾಕರ್ ಪಿಎಸ್ ಕೊಟ್ಟು ಪೋರ್ಟ್ಸ್ ಕಾಲಮ್ ನೋಡಿ. ಬಾಣದ ಎಡಗಡೆ ಇರುವುದು ಹೊರಗಿನ ಪೋರ್ಟ್, ಬಲಗಡೆ ಇರುವುದು ಒಳಗಿನದು. ಬ್ರೌಸರ್‌ನಲ್ಲಿ ಟೈಪ್ ಮಾಡಬೇಕಾದದ್ದು ಎಡಗಡೆಯದು.