ಹಿಮ್ಮಡಿಯ ಚುಕ್ಕೆಗಳು

ಮಗು ಹುಟ್ಟಿದಾಗ ತೂಕ 3 ಕಿಲೋ 900 ಗ್ರಾಂ. ಅತ್ತೆಗೆ ಖುಷಿಯೋ ಖುಷಿ. ಹೊರಗೆ ನಿಂತುಕೊಂಡೇ ಬದಿಯಡ್ಕಕ್ಕೆ ಫೋನ್ ಮಾಡಿ "ಮೈಕೈ ತುಂಬಿದ ಮಗು" ಅಂತ ಎಲ್ಲರಿಗೂ ಹೇಳಿದರು. ದಪ್ಪ ಮಗು ಅಂದರೆ ಗಟ್ಟಿ ಮಗು ಅಂತ ನಮ್ಮ ಕಡೆ ನಂಬಿಕೆ ಅಲ್ವಾ? ನನಗೆ ಮಾತ್ರ ಆ ತೂಕ ಕೇಳಿ ಎದೆ ಝಲ್ಲೆಂದಿತು.

ಏಳನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆದಿದ್ದರು. ಸಕ್ಕರೆ 140ರ ಒಳಗೆ ಇರಬೇಕಿತ್ತು, ನನ್ನದು 168. ಆವತ್ತಿನಿಂದ ಕುಚ್ಚಲಕ್ಕಿ ಗಂಜಿ ಅರ್ಧ ಬಟ್ಟಲು, ಉಂಡ ಮೇಲೆ ಅಂಗಳದಲ್ಲಿ ಹರವಿದ ಅಡಿಕೆಯ ಸುತ್ತ ನಡಿಗೆ. ಆಮೇಲೆ ಹಲಸಿನ ಕಾಲ ಬಂತು. ಮನೆಯಿಡೀ ಪರಿಮಳ. ನಾನು ಎರಡು ಸೊಳೆ ತಿಂದು ಕೈ ತೊಳೆದುಬಿಡುತ್ತಿದ್ದೆ. ಕೊನೆಗೆ ಇನ್ಸುಲಿನ್ನೂ ಶುರುವಾಯಿತು.

ಡಾಕ್ಟರ್ ಆಗಲೇ ಬಿಡಿಸಿ ಹೇಳಿದ್ದರು. ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಆ ಸಕ್ಕರೆಗೆ ತಕ್ಕ ಹಾಗೆ ಮಗುವಿನ ಮೈಯೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ, ಕೊಬ್ಬು ತುಂಬಿಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಲ್ಲುತ್ತದೆ. ಇನ್ಸುಲಿನ್ ಮಾತ್ರ ಹಾಗೇ ಇರುತ್ತದೆ. ತಾಯಿಗೆ ಸಕ್ಕರೆ ಹೆಚ್ಚಾಗಿ ಮಗುವಿಗೆ ಕಡಿಮೆಯಾಗುವುದು ಹೀಗೆ.

ಗಂಟೆಯಾಗುವಷ್ಟರಲ್ಲಿ ಸಿಸ್ಟರ್ ಬಂದು ಹಿಮ್ಮಡಿಗೆ ಸೂಜಿ ಚುಚ್ಚಿದರು. ಒಂದು ಹನಿ ರಕ್ತ. "ಶುಗರ್ ಕುರವಾಣ್" ಅಂದರು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟು ಮಲಯಾಳಂ ಬಾರದೇ ಇರುತ್ತದಾ? ಆದರೂ ಅಮ್ಮನ ಮುಖ ನೋಡಿದೆ. "ಕಡಿಮೆ ಇದೆಯಂತೆ ಮಗಳೇ" ಅಂದರು ಅಮ್ಮ, ಮೆಲ್ಲಗೆ. ಮೀಟರಿನಲ್ಲಿ 32. ಕಡಿಮೆ ಅಂದರೂ 45 ಇರಬೇಕಿತ್ತು.

ಮೊಲೆಗೆ ಹಿಡಿದರೆ ಚೀಪುವುದಿಲ್ಲ, ಬರೀ ನಿದ್ದೆ. ಬಟ್ಟೆ ಸರಿಸಿದಾಗ ಕಂಡಿತು, ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಚಳಿಯಾಗಿರಬೇಕು ಅಂತ ಅತ್ತೆ ಇನ್ನೊಂದು ಬಟ್ಟೆ ಸುತ್ತಲು ಬಂದರು. ಚಳಿಯಲ್ಲ, ಸಕ್ಕರೆ ಇಳಿದದ್ದಕ್ಕೆ ಎಂದರು ಸಿಸ್ಟರ್. ನಾಲಿಗೆಗೆ ನೆಕ್ಕಿಸಲು ಅತ್ತೆ ತಂದಿದ್ದ ಜೇನನ್ನೂ ಬೇಡವೆಂದರು. ಗಿಣ್ಣುಹಾಲು ಹಿಂಡಿ ಚಮಚದಲ್ಲಿ ಹನಿಹನಿಯಾಗಿ ಕುಡಿಸಿದೆವು. ಮತ್ತೆ ಚುಚ್ಚಿದರೆ 36. ಮಗುವನ್ನು ಎತ್ತಿಕೊಂಡು ಒಳಗೆ ಹೋದರು, ಗ್ಲೂಕೋಸ್ ಡ್ರಿಪ್ ಹಾಕಲು.

ಆ ರಾತ್ರಿ ಜೋರು ಮಳೆ. ಖಾಲಿ ತೊಟ್ಟಿಲ ಪಕ್ಕ ಮಲಗಿ, ಆ ಎರಡು ಸೊಳೆಯನ್ನೂ ಯಾಕೆ ತಿಂದೆನೋ ಎಂದು ಅಳುತ್ತಿದ್ದೆ. ಬೆಳಿಗ್ಗೆ ಡಾಕ್ಟರ್ ಬಳಿ ಅದನ್ನೇ ಕೇಳಿದೆ. ಹಾಗೆಲ್ಲ ಅಂದುಕೊಳ್ಳಬೇಡಿ, ಪಥ್ಯ ಮಾಡದೇ ಇದ್ದಿದ್ದರೆ ಮಗು ಇನ್ನೂ ದೊಡ್ಡದಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದಿತ್ತು, ಉಸಿರಾಟಕ್ಕೂ ತೊಂದರೆಯಾಗಬಹುದಿತ್ತು ಎಂದರು. ಆ ಮಾತಿನ ಮೇಲೆ ನನಗೆ ಗಂಜಿ ಗಂಟಲಲ್ಲಿ ಇಳಿಯಿತು.

ಎರಡನೇ ದಿನ ಡ್ರಿಪ್ ಕಡಿಮೆ ಮಾಡುತ್ತಾ ಬಂದರು. 52, 58, 63. ಮೂರನೇ ದಿನ ಸ್ವಲ್ಪ ಕಾಮಾಲೆ ಕಂಡು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಅದೂ ಇಳಿಯಿತು. ಆರು ವಾರ ಕಳೆದ ಮೇಲೆ ನೀವೂ ಒಮ್ಮೆ ಗ್ಲೂಕೋಸ್ ಕುಡಿದು ಪರೀಕ್ಷೆ ಮಾಡಿಸಲೇಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಮಗುವನ್ನು ಮಡಿಲಿಗೆ ಕೊಟ್ಟಾಗ ಮೊದಲು ಪಾದ ನೋಡಿದೆ. ಎರಡೂ ಹಿಮ್ಮಡಿಯ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಗಳು, ಒಟ್ಟು ಹನ್ನೊಂದು. ಎಣಿಸಿ ಮುಗಿಸುವಷ್ಟರಲ್ಲಿ ಅದು ಬಾಯಿ ತೆರೆದು ಎದೆಯ ಕಡೆ ತಲೆ ತಿರುಗಿಸಿತು.