ಬಾಟಲಿಯೊಳಗೆ ಶ್ವಾಸಕೋಶ: ಕಂಪ್ಲಯನ್ಸ್ ಅಳೆಯುವ ಪ್ರಾಜೆಕ್ಟ್ ಎಲ್ಲಿವರೆಗೆ ಬಂತು

ಸಿರಿಂಜ್, ತ್ರೀ-ವೇ ಕಾಕ್, ನೀರು ತುಂಬಿದ ಯು-ಟ್ಯೂಬ್. ಇವುಗಳ ಜೊತೆಗೆ ಈಗ 20 ಲೀಟರ್‌ನ ಗಾಜಿನ ಬಾಟಲಿ ಸೇರಿದೆ. ಎಲೆಕ್ಟ್ರಾನಿಕ್ ಸೆನ್ಸರ್ ಇನ್ನೂ ಹಾಕಿಲ್ಲ, ಸದ್ಯಕ್ಕೆ ಬೇಕಾಗಿಯೂ ಇಲ್ಲ. ಯು-ಟ್ಯೂಬ್ ಪಕ್ಕ ಸ್ಕೇಲ್ ಹಿಡಿದರೆ ವೈದ್ಯರು ಬಳಸುವ ‘ಸೆಂ.ಮೀ. ನೀರು’ ಅನ್ನುವ ಅಳತೆಯೇ ನೇರವಾಗಿ ಸಿಗುತ್ತದೆ.

ಅಳೆಯಬೇಕಾದದ್ದು ಇಷ್ಟು: ಒತ್ತಡ ಒಂದು ಸೆಂ.ಮೀ. ನೀರಿನಷ್ಟು ಏರಿದರೆ ಶ್ವಾಸಕೋಶ ಎಷ್ಟು ಮಿ.ಲೀ. ಹಿಗ್ಗುತ್ತದೆ? ಇದೇ ಕಂಪ್ಲಯನ್ಸ್. ಆರೋಗ್ಯವಂತ ದೊಡ್ಡವರಲ್ಲಿ ಸುಮಾರು 200. ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್‌ನಲ್ಲಿ ಕಡಿಮೆ, ಸಡಿಲವಾಗುವ ಎಂಫಿಸೀಮಾದಲ್ಲಿ ಜಾಸ್ತಿ. ಭಾಗಾಕಾರ ಸುಲಭ. ಎಲ್ಲಿಯ ಒತ್ತಡ, ಯಾವ ಕ್ಷಣದ ಒತ್ತಡ ಅನ್ನುವುದರಲ್ಲೇ ಎಲ್ಲ ಕಷ್ಟ ಇರೋದು.

ಮೊದಲು ಖಾಲಿ ಬಾಟಲಿಯನ್ನೇ ಅಳೆದೆ. ಗಾಜು ಹಿಗ್ಗುವುದಿಲ್ಲ, ಆದರೆ ಒಳಗಿನ ಗಾಳಿ ಕುಗ್ಗುತ್ತದೆ. ಬಾಯ್ಲ್ ನಿಯಮದ ಪ್ರಕಾರ 20,000 ಮಿ.ಲೀ.ಯನ್ನು ವಾತಾವರಣದ ಒತ್ತಡದಿಂದ (1033 ಸೆಂ.ಮೀ. ನೀರು) ಭಾಗಿಸಿದರೆ 19.4 ಬರುತ್ತದೆ. ಅಂದರೆ ಉತ್ತರ ಮೊದಲೇ ಗೊತ್ತಿರುವ ಶ್ವಾಸಕೋಶ! ಉಪಕರಣ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯದು ಬೇಕಾ? ನಿಧಾನವಾಗಿ 100 ಮಿ.ಲೀ. ಗಾಳಿ ತಳ್ಳಿದರೆ ಯು-ಟ್ಯೂಬಿನ ಎರಡು ಕಡೆಯ ನೀರಿನ ಮಟ್ಟಗಳ ನಡುವೆ 5.2 ಸೆಂ.ಮೀ. ವ್ಯತ್ಯಾಸ ಬರಬೇಕು.

ಜೋರಾಗಿ ತಳ್ಳಿದರೆ ಮಜಾ ಬೇರೆ. ಆ ವ್ಯತ್ಯಾಸ ಮೊದಲು ಇನ್ನೂ ಹೆಚ್ಚಾಗುತ್ತದೆ, ಆಮೇಲೆ ಇಳಿದು 5ರ ಹತ್ತಿರ ನಿಲ್ಲುತ್ತದೆ. ಸೋರಿಕೆ ಅಲ್ಲ. ಸೋರುತ್ತಿದ್ದರೆ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ದಿಢೀರನೆ ಕುಗ್ಗಿದ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಗಾಜಿಗೆ ಇಳಿಯುವವರೆಗೆ ಒತ್ತಡ ಜಾಸ್ತಿ ಇರುತ್ತದೆ. ಬಿಸಿ ಚೂರೂ ಹೊರಗೆ ಹೋಗದಿದ್ದರೆ ಲೆಕ್ಕದಂತೆ 1.4 ಪಟ್ಟು, ಅಂದರೆ 7.2. ಅದೇ ಬಾಟಲಿ, ಅಷ್ಟೇ ಗಾಳಿ. ತಕ್ಷಣ ಓದಿದರೆ ಕಂಪ್ಲಯನ್ಸ್ 14ರವರೆಗೂ ಇಳಿಯಬಹುದು, ಕಾದು ಓದಿದರೆ 19.

ವೆಂಟಿಲೇಟರ್‌ನಲ್ಲೂ ಹೀಗೇ ಕಾಯುತ್ತಾರೆ, ಕಾರಣ ಮಾತ್ರ ಬೇರೆ. ಗಾಳಿ ಹರಿಯುತ್ತಿರುವಾಗ ಉಸಿರಿನ ನಾಳಗಳ ತಡೆಯನ್ನು ದಾಟಲೂ ಒತ್ತಡ ಬೇಕು. ಹರಿವು ನಿಂತರೆ ಆ ಪಾಲು ಕಳಚಿ ಪ್ಲಾಟೋ ಒತ್ತಡ ಉಳಿಯುತ್ತದೆ. ಒಂದು ಲೆಕ್ಕ ನೋಡಿ: ಒಳಗೆ ಹೋದದ್ದು 500 ಮಿ.ಲೀ., ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ) 5, ಪೀಕ್ (ಗಾಳಿ ಹರಿಯುವಾಗಿನ ಗರಿಷ್ಠ ಒತ್ತಡ) 25, ಪ್ಲಾಟೋ 15. ಪ್ಲಾಟೋದಿಂದ ಪೀಪ್ ಕಳೆದು ಭಾಗಿಸಿದರೆ 50, ಇದು ಸ್ಟ್ಯಾಟಿಕ್. ಪೀಕ್ ಹಿಡಿದರೆ 25, ಇದು ಡೈನಾಮಿಕ್. ಆದರೆ ಇವೆರಡರಲ್ಲೂ ಎದೆಗೂಡಿನ ಬಿಗಿತ ಸೇರಿಕೊಂಡಿರುತ್ತದೆ.

ಅದನ್ನು ಬೇರ್ಪಡಿಸುವುದೇ ಈ ಸಲದ ಕೆಲಸ. ಬಾಟಲಿಯೊಳಗೆ ಒಂದು ಸಿಲಿಕೋನ್ ಚೀಲ ಇಳಿಸಿದ್ದೇನೆ. ಆಟದ ಬಲೂನ್ ಬೇಡವೆಂದೆ, ಅದು ಶುರುವಿನಲ್ಲಿ ಹಟ ಮಾಡಿ ಆಮೇಲೆ ಕಡಿಮೆ ಒತ್ತಡದಲ್ಲೇ ಉಬ್ಬುತ್ತಾ ಹೋಗುತ್ತದೆ. ಚೀಲ ಉಬ್ಬಿದಂತೆ ಸುತ್ತಲಿನ ಗಾಳಿ ಕುಗ್ಗುತ್ತದೆ. ಹಾಗಾಗಿ ಬಾಟಲಿಯೇ ಈಗ ಎದೆಗೂಡು. ಯು-ಟ್ಯೂಬಿನ ಒಂದು ತುದಿ ಚೀಲಕ್ಕೆ, ಇನ್ನೊಂದು ಬಾಟಲಿಗೆ. ಎರಡರ ವ್ಯತ್ಯಾಸ ಕಳೆಯುವ ಗೋಜಿಲ್ಲದೆ ಸಿಗುತ್ತದೆ. ಇದೇ ಟ್ರಾನ್ಸ್‌ಪಲ್ಮನರಿ ಒತ್ತಡ. ಶ್ವಾಸಕೋಶದ್ದೇ ಆದ ಕಂಪ್ಲಯನ್ಸ್‌ಗೆ ಬೇಕಾದದ್ದು ಇದೊಂದೇ. ಮನುಷ್ಯರಲ್ಲಿ ಶ್ವಾಸಕೋಶದ್ದು 200, ಎದೆಗೂಡಿನದ್ದೂ ಸುಮಾರು 200. ಸೇರಿದಾಗ 400 ಆಗುವುದಿಲ್ಲ, 100 ಆಗುತ್ತದೆ, ಏಕೆಂದರೆ ಎರಡನ್ನೂ ಒಟ್ಟಿಗೇ ಹಿಗ್ಗಿಸಬೇಕು.

ಬಾಟಲಿಗೆ ತೂತು ಕೊರೆದು ಟ್ಯೂಬ್ ಹಾಕಬಹುದು, ಮನುಷ್ಯರ ಎದೆಗೆ ಸುಮ್ನೆ ಹಾಗೆ ಮಾಡೋಕಾಗಲ್ಲ ಅಲ್ವಾ? ಅದಕ್ಕೇ ಅನ್ನನಾಳದ ದಾರಿ. ಸುಮಾರು 10 ಸೆಂ.ಮೀ. ಉದ್ದದ ತೆಳು ಬಲೂನನ್ನು ಅನ್ನನಾಳದ ಕೆಳಭಾಗಕ್ಕೆ ಇಳಿಸಿ, ಚೂರೇ ಚೂರು ಗಾಳಿ ತುಂಬುತ್ತಾರೆ. ಅಲ್ಲಿಯ ಒತ್ತಡದ ಏರಿಳಿತ ಎದೆಯೊಳಗಿನ ಏರಿಳಿತವನ್ನು ಹತ್ತಿರಹತ್ತಿರ ಅನುಸರಿಸುತ್ತದೆ. ವ್ಯಕ್ತಿ ಪೂರ್ತಿ ಉಸಿರೆಳೆದು ನಿಧಾನವಾಗಿ ಬಿಡುವಾಗ ನಡುನಡುವೆ ಶಟರ್ ಮುಚ್ಚುತ್ತಾರೆ. ಹರಿವು ನಿಂತ ಆ ಕ್ಷಣ ಬಾಯಿಯ ಒತ್ತಡವೇ ಗಾಳಿಗೂಡಿನ (ಶ್ವಾಸಕೋಶದೊಳಗಿನ ಪುಟ್ಟ ಗಾಳಿ ಚೀಲಗಳ) ಒತ್ತಡ. ಅದರಲ್ಲಿ ಅನ್ನನಾಳದ್ದನ್ನು ಕಳೆದು ಗ್ರಾಫ್ ಹಾಕುತ್ತಾರೆ. ಹೃದಯದ ಬಡಿತ ಕೂಡ ಗೆರೆಯಲ್ಲಿ ಮೂಡುತ್ತದೆ, ನನ್ನ ಬಾಟಲಿಗೆ ಆ ಕಾಟ ಇಲ್ಲ.

ಗ್ರಾಫ್‌ನಲ್ಲಿ ಚೀಲ ತುಂಬುವಾಗಿನ ಗೆರೆ, ಖಾಲಿ ಮಾಡುವಾಗಿನ ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ನಿಜವಾದ ಶ್ವಾಸಕೋಶದಲ್ಲೂ ಹೀಗೇ, ಆದರೆ ಅಲ್ಲಿ ದೊಡ್ಡ ಪಾತ್ರ ಒಳಮೈಯ ದ್ರವದ ಮೇಲ್ಮೈ ಸೆಳೆತದ್ದು. 1929ರಲ್ಲಿ ಫಾನ್ ನೀರ್ಗಾರ್ಡ್ ಅನ್ನುವ ವಿಜ್ಞಾನಿ ಶ್ವಾಸಕೋಶಕ್ಕೆ ಗಾಳಿಯ ಬದಲು ದ್ರವ ತುಂಬಿದಾಗ ತುಂಬಾ ಕಡಿಮೆ ಒತ್ತಡ ಸಾಕಾಗಿತ್ತು. ಸಿಲಿಕೋನ್ ಚೀಲದಲ್ಲಿ ಇದನ್ನು ತೋರಿಸಲಾಗದು, ಆ ಆಸೆ ಬಿಟ್ಟಿದ್ದೇನೆ.

ಮುಂದಿನ ಹಂತಕ್ಕೆ ಎರಡು ಚೀಲ, ಒಂದಕ್ಕೆ ಸಣ್ಣ ಕೊಳವೆ. ವೇಗವಾಗಿ ತಳ್ಳಿದಾಗ ಸಣ್ಣ ಕೊಳವೆಯ ಚೀಲ ಪೂರ್ತಿ ತುಂಬುವ ಮೊದಲೇ ಸರದಿ ಮುಗಿದು, ಡೈನಾಮಿಕ್ ಕಂಪ್ಲಯನ್ಸ್ ಕುಸಿಯಬೇಕು. ಸೆನ್ಸರ್ ಬೇಕಾಗೋದು ಆಗಲೇ, ಆ ವೇಗಕ್ಕೆ ನೀರಿನ ಮಟ್ಟ ಓಲಾಡುತ್ತದೆ.